ಮೇದೋಜೀರಕದ ಮರ್ಮ ಬಿಡಿಸಿದ ವೈದ್ಯ ಆಸ್ಕರ್ ಮಿಂಕೋವ್‌ಸ್ಕಿ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾಗಲಿ, ಭದ್ರಾವತಿಯ ಯಾವುದೇ ಔಷಧದಂಗಡಿಯ ಮುಂದಾಗಲಿ ದಿನನಿತ್ಯ ಕೇಳಿಬರುವ ಪ್ರಶ್ನೆಯೊಂದಿದೆ. ಶುಗರ್ ಎಷ್ಟಿದೆ ಎಂಬುದೇ ಆ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಈ ರೋಗದಲ್ಲಿ ಮೂತ್ರ ಜೇನಿನಂತೆ ಸಿಹಿಯಾಗುತ್ತದೆ ಎಂಬುದನ್ನು ನಮ್ಮ ಆಯುರ್ವೇದಾಚಾರ್ಯರು ಶತಮಾನಗಳ ಹಿಂದೆಯೇ ಅರಿತಿದ್ದರು. ಮಧುಮೇಹವೆಂಬ ಹೆಸರೇ ಅದಕ್ಕೆ ಸಾಕ್ಷಿ. ಆದರೆ ದೇಹದೊಳಗಿನ ಯಾವ ಅಂಗ ಕೈಕೊಟ್ಟರೆ ಹೀಗಾಗುತ್ತದೆ ಎಂಬುದನ್ನು 1889ರವರೆಗೆ ಯಾರೂ ಖಚಿತವಾಗಿ ತೋರಿಸಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ಆಸ್ಕರ್ ಮಿಂಕೋವ್‌ಸ್ಕಿ.

ಜಠರದ ಹಿಂಭಾಗದಲ್ಲಿ ಅಡಗಿರುವ ಮೇದೋಜೀರಕ ಗ್ರಂಥಿಯನ್ನು ಸಂಪೂರ್ಣವಾಗಿ ಹೊರತೆಗೆದು, ಅದರಲ್ಲಿರುವ ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಗುಂಪುಗಳನ್ನು ಮಾತ್ರ ಬೇರ್ಪಡಿಸಿ, ಅದೇ ರೋಗಿಯ ಯಕೃತ್ತಿನಲ್ಲಿ ನೆಲೆಗೊಳಿಸುವ ಶಸ್ತ್ರಚಿಕಿತ್ಸೆ ಇಂದು ಕೆಲವು ವಿಶೇಷ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಹತ್ತಾರು ತಜ್ಞರ ತಂಡವೇ ಕೈಗೂಡಿಸಬೇಕಾದ ಈ ಕಾರ್ಯದಲ್ಲಿ ಎರಡು ಹೆಜ್ಜೆಗಳಿವೆ. ಒಂದು, ಗ್ರಂಥಿಯನ್ನು ತೆಗೆಯುವುದು. ಇನ್ನೊಂದು, ಅದರ ಅಂಶವನ್ನು ದೇಹದ ಬೇರೆಡೆ ನೆಟ್ಟು ಬದುಕಿಸುವುದು. ಶತಮಾನಕ್ಕೂ ಹಿಂದೆ, ಇನ್ಸುಲಿನ್ ಎಂಬ ಪದವೂ ಹುಟ್ಟದ ಕಾಲದಲ್ಲಿ, ಈ ಎರಡೂ ಹೆಜ್ಜೆಗಳನ್ನು ನಾಯಿಗಳ ಮೇಲಿನ ಪ್ರಯೋಗದಲ್ಲಿ ಇಟ್ಟು ತೋರಿಸಿದ ಹಿರಿಮೆಯೂ ಮಿಂಕೋವ್‌ಸ್ಕಿ ಅವರದೇ.

ನೇಮನ್ ನದಿಯ ದಡದಿಂದ

ಆಸ್ಕರ್ ಮಿಂಕೋವ್‌ಸ್ಕಿ ಜನಿಸಿದ್ದು 1858ರ ಜನವರಿ 13ರಂದು, ನೇಮನ್ ನದಿಯ ದಡದ ಅಲೆಕ್ಸೋಟಾಸ್ ಎಂಬ ಊರಿನಲ್ಲಿ. ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಈ ಊರು ಇಂದು ಲಿಥುವೇನಿಯಾದ ಕೌನಾಸ್ ನಗರದ ಒಂದು ಭಾಗ. ತಂದೆ ವ್ಯಾಪಾರಿ. ಯಹೂದಿಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಅಡೆತಡೆಗಳಿದ್ದ ರಷ್ಯವನ್ನು ತೊರೆದು, ಕುಟುಂಬವು 1872ರಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗ್ ನಗರಕ್ಕೆ ಬಂದು ನೆಲೆಸಿತು. ಆ ಮನೆಯ ಮಕ್ಕಳು ಮುಂದೆ ಜಗತ್ತೇ ಗುರುತಿಸುವಂತಹ ಸಾಧನೆ ಮಾಡಿದರು. ಆಸ್ಕರ್ ಅವರಿಗಿಂತ 6 ವರ್ಷ ಕಿರಿಯನಾದ ತಮ್ಮ ಹರ್ಮನ್ ಗಣಿತಜ್ಞರಾಗಿ ಹೆಸರಾದರು. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್ ಅವರಿಗೆ ಪಾಠ ಹೇಳಿದ ಅವರು, ದೇಶ ಮತ್ತು ಕಾಲಗಳನ್ನು ಒಂದೇ ಚೌಕಟ್ಟಿನಲ್ಲಿ ಕಾಣುವ ಗಣಿತವನ್ನು ರೂಪಿಸಿದರು.

ಆಸ್ಕರ್ ಆರಿಸಿಕೊಂಡದ್ದು ವೈದ್ಯಶಾಸ್ತ್ರವನ್ನು. 1881ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಅವರು, ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಬರ್ನ್‌ಹಾರ್ಡ್ ನೌನಿನ್ ಅವರ ಸಹಾಯಕರಾದರು. ನೌನಿನ್ ಆ ಕಾಲದ ಶ್ರೇಷ್ಠ ವೈದ್ಯಗುರುಗಳಲ್ಲಿ ಒಬ್ಬರು. ರೋಗಿಯ ಹಾಸಿಗೆಯ ಬಳಿ ಕಂಡದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ಪ್ರಯೋಗಾಲಯದಲ್ಲಿ ಕಂಡದ್ದನ್ನು ರೋಗಿಯ ಹಿತಕ್ಕೆ ಬಳಸಬೇಕು ಎಂಬುದು ಅವರ ಪರಂಪರೆ. ಈ ಶಿಸ್ತು ಮಿಂಕೋವ್‌ಸ್ಕಿ ಅವರಿಗೆ ಜೀವನದುದ್ದಕ್ಕೂ ದಾರಿದೀಪವಾಯಿತು.

ಮಧುಮೇಹದ ಕಡೆಗೆ ಅವರ ಗಮನ ಹರಿದದ್ದೂ ಆಗಲೇ. ಅಂದು ತೀವ್ರ ಮಧುಮೇಹಕ್ಕೆ ತುತ್ತಾದವರು, ವಿಶೇಷವಾಗಿ ಎಳೆಯರು, ದಿನದಿನಕ್ಕೆ ಸೊರಗಿ, ಕೊನೆಗೆ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಈ ಮೂರ್ಛೆಗೆ ಕಾರಣವೇನು ಎಂಬುದು ತಿಳಿದಿರಲಿಲ್ಲ. ತೀವ್ರ ಮಧುಮೇಹಿಗಳ ಮೂತ್ರದಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಎಂಬ ಆಮ್ಲ ಶೇಖರವಾಗುವುದನ್ನು ಮಿಂಕೋವ್‌ಸ್ಕಿ 1884ರಲ್ಲಿ ಗುರುತಿಸಿದರು. ದೇಹವು ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸತೊಡಗಿದಾಗ ಹುಟ್ಟುವ ಈ ಆಮ್ಲಗಳೇ ರಕ್ತವನ್ನು ಕೆಡಿಸುತ್ತವೆ ಎಂಬ ಇಂದಿನ ತಿಳಿವಳಿಕೆಗೆ ಅದು ತಳಹದಿಯಾಯಿತು. ತುರ್ತು ಚಿಕಿತ್ಸಾ ಘಟಕಗಳಲ್ಲಿ ಮಧುಮೇಹಿಗಳ ಕೀಟೋನ್ ಪರೀಕ್ಷೆ ನಡೆಯುವಾಗ ವೈದ್ಯರು ಹುಡುಕುವ ವಸ್ತುಗಳಲ್ಲಿ ಇದೂ ಒಂದು.

ಒಂದು ಸಂಜೆಯ ಶಸ್ತ್ರಕ್ರಿಯೆ

1888ರಲ್ಲಿ ನೌನಿನ್ ಅವರು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದಾಗ ಶಿಷ್ಯನೂ ಜೊತೆಗೆ ಹೋದರು. ಇಂದು ಫ್ರಾನ್ಸಿನಲ್ಲಿರುವ ಈ ನಗರ ಅಂದು ಜರ್ಮನಿಯ ಅಧೀನದಲ್ಲಿತ್ತು. 1889ರ ಏಪ್ರಿಲ್‌ನಲ್ಲಿ ಒಂದು ದಿನ, ಪುಸ್ತಕಗಳನ್ನು ನೋಡಲೆಂದು ಹೋಪೆ-ಸೈಲರ್ ಅವರ ಸಂಸ್ಥೆಗೆ ಹೋದ ಮಿಂಕೋವ್‌ಸ್ಕಿ ಅವರಿಗೆ ಅಲ್ಲಿ ಜೋಸೆಫ್ ಫಾನ್ ಮೇರಿಂಗ್ ಎದುರಾದರು. ಮಾತು ಜೀರ್ಣಕ್ರಿಯೆಯತ್ತ ತಿರುಗಿತು. ಕೊಬ್ಬು ಕರುಳಿನಲ್ಲಿ ಹೀರಿಕೆಯಾಗಲು ಮೇದೋಜೀರಕ ರಸ ಅನಿವಾರ್ಯವೇ ಎಂಬುದು ಮೇರಿಂಗ್ ಅವರ ಆಸಕ್ತಿಯ ವಿಷಯ. ಗ್ರಂಥಿಯನ್ನೇ ತೆಗೆದು ನೋಡಬಹುದಲ್ಲ ಎಂದು ಮಿಂಕೋವ್‌ಸ್ಕಿ ಸೂಚಿಸಿದರು. ಅದು ಅಸಾಧ್ಯವೆಂಬುದು ಮೇರಿಂಗ್ ಅವರ ಅಭಿಪ್ರಾಯ. ಫ್ರಾನ್ಸಿನ ಮಹಾನ್ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ ಅವರೇ ಅದು ಆಗದ ಕೆಲಸವೆಂದು ಕೈಬಿಟ್ಟಿದ್ದರು. ಗ್ರಂಥಿಯ ಸುತ್ತ ರಕ್ತನಾಳಗಳು ಹೆಣೆದುಕೊಂಡಿರುತ್ತವೆ, ಅದು ಕರುಳಿಗೆ ಅಂಟಿಕೊಂಡಿರುತ್ತದೆ. ತೆಗೆದರೆ ಪ್ರಾಣಿ ಬದುಕಲಾರದು ಎಂಬ ನಂಬಿಕೆ ಬೇರೂರಿತ್ತು.

ಶಸ್ತ್ರಕ್ರಿಯೆಯಲ್ಲಿ ನಿಪುಣರಾಗಿದ್ದ ಮಿಂಕೋವ್‌ಸ್ಕಿ ಆ ನಂಬಿಕೆಗೆ ತಲೆಬಾಗಲಿಲ್ಲ. ಮೇರಿಂಗ್ ಒದಗಿಸಿದ ನಾಯಿಯ ಮೇಲೆ ಅದೇ ಸಂಜೆ ನೌನಿನ್ ಅವರ ಪ್ರಯೋಗಾಲಯದಲ್ಲಿ ಶಸ್ತ್ರಕ್ರಿಯೆ ನಡೆಯಿತು. ಮೇರಿಂಗ್ ನೆರವಾದರು. ಗ್ರಂಥಿ ಸಂಪೂರ್ಣವಾಗಿ ಹೊರಬಂದಿತು, ನಾಯಿ ಬದುಕುಳಿಯಿತು.

ಬಳಿಕ ನಡೆದದ್ದು ಇಬ್ಬರೂ ನಿರೀಕ್ಷಿಸದ ಸಂಗತಿ. ಮಾವನವರಿಗೆ ಕಾಯಿಲೆ ಉಲ್ಬಣಿಸಿದ್ದರಿಂದ ಮೇರಿಂಗ್ ಊರಿಗೆ ತೆರಳಿದ್ದರು. ಶಿಸ್ತಿನಿಂದ ಸಾಕಿದ್ದ ಆ ನಾಯಿ ಪ್ರಯೋಗಾಲಯದ ನೆಲದ ಮೇಲೆ ಪದೇಪದೇ ಮೂತ್ರ ಮಾಡತೊಡಗಿತು. ಹೊರಗೆ ಕರೆದೊಯ್ದು ಬಂದರೂ ಮತ್ತೆ ಅದೇ ಕಥೆ ಎಂದು ಪರಿಚಾರಕ ದೂರಿದ. ಮತ್ತೊಬ್ಬರಾಗಿದ್ದರೆ ನಾಯಿಯನ್ನು ಗದರಿಸಿ ಸುಮ್ಮನಾಗುತ್ತಿದ್ದರೇನೋ. ಅತಿಮೂತ್ರ ಕಂಡಲ್ಲಿ ಸಕ್ಕರೆಯನ್ನು ಪರೀಕ್ಷಿಸಬೇಕೆಂಬ ಗುರುವಿನ ಪಾಠ ಮಿಂಕೋವ್‌ಸ್ಕಿ ಅವರಿಗೆ ನೆನಪಿತ್ತು. ನೆಲದಿಂದಲೇ ಮೂತ್ರವನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಅದರಲ್ಲಿ ಸುಮಾರು ಶೇ. 12ರಷ್ಟು ಸಕ್ಕರೆ ಕಂಡುಬಂದಿತು. ಮೂತ್ರಕ್ಕೆ ಮುತ್ತಿದ ನೊಣಗಳನ್ನು ಕಂಡು ಈ ರಹಸ್ಯ ಬಯಲಾಯಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಮಿಂಕೋವ್‌ಸ್ಕಿ ಅದನ್ನು ಅಲ್ಲಗಳೆದಿದ್ದರು.

ಒಂದು ನಾಯಿಯಲ್ಲಿ ಕಂಡದ್ದನ್ನು ಅವರು ಸತ್ಯವೆಂದು ಒಪ್ಪಿಕೊಳ್ಳಲಿಲ್ಲ. ಕಾರಣವಿತ್ತು. ಫ್ಲೋರಿಜಿನ್ ಎಂಬ ವಸ್ತುವನ್ನು ಕೊಟ್ಟರೆ ಪ್ರಾಣಿಗಳ ಮೂತ್ರದಲ್ಲಿ ಸಕ್ಕರೆ ಬರುತ್ತದೆಂದು ಮೇರಿಂಗ್ 1886ರಲ್ಲಿಯೇ ತೋರಿಸಿದ್ದರು. ಈ ನಾಯಿಗೂ ಹಿಂದೆ ಅದನ್ನು ಕೊಟ್ಟಿರಬಹುದೇ ಎಂಬ ಸಂಶಯ ಸಹಜವಾಗಿತ್ತು. ಮಿಂಕೋವ್‌ಸ್ಕಿ ಮತ್ತೆ ಮೂರು ನಾಯಿಗಳನ್ನು ಆರಿಸಿ, ಮೂತ್ರದಲ್ಲಿ ಸಕ್ಕರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಗ್ರಂಥಿಯನ್ನು ತೆಗೆದರು. ಮೂರಕ್ಕೂ ಮಧುಮೇಹ ಬಂದಿತು. ತಣಿಯದ ಬಾಯಾರಿಕೆ, ಹಿಂಗದ ಹಸಿವು, ಎಷ್ಟು ತಿಂದರೂ ಸೊರಗುವ ದೇಹ, ಹೀಗೆ ಮನುಷ್ಯರಲ್ಲಿ ಕಾಣುವ ಲಕ್ಷಣಗಳೆಲ್ಲ ಅಲ್ಲಿ ಮೂಡಿದವು. ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಇಬ್ಬರ ಹೆಸರಿನಲ್ಲಿ ಈ ಶೋಧ ಪ್ರಕಟವಾಯಿತು. ಕತ್ತರಿ ಹಿಡಿದದ್ದೂ ಸಕ್ಕರೆಯನ್ನು ಕಂಡದ್ದೂ ಮಿಂಕೋವ್‌ಸ್ಕಿ. ಆದರೂ ಮೊದಲ ಹೆಸರು ಮೇರಿಂಗ್ ಅವರದಾಗಿತ್ತು. ಆ ಬಳಿಕ ಮೇರಿಂಗ್ ಬೇರೆ ಕ್ಷೇತ್ರಗಳಿಗೆ ಹೊರಳಿದರು. ಈ ಹಾದಿಯಲ್ಲಿ ಮುಂದೆ ನಡೆದವರು ಮಿಂಕೋವ್‌ಸ್ಕಿ ಒಬ್ಬರೇ.

ಚರ್ಮದಡಿಯ ಒಂದು ತುಣುಕು

ಗ್ರಂಥಿಯನ್ನು ತೆಗೆದಾಗ ಕಾಯಿಲೆ ಬಂದಿತೆಂಬುದೇನೋ ನಿಜ. ಆದರೆ ಶಸ್ತ್ರಕ್ರಿಯೆಯಲ್ಲಿ ಸುತ್ತಲಿನ ನರಗಳಿಗೆ ಪೆಟ್ಟಾದ್ದರಿಂದ ಹೀಗಾಗಿರಬಾರದೇಕೆ ಎಂದು ಟೀಕಾಕಾರರು ಕೇಳಿದರು. ಜೀರ್ಣರಸ ಕರುಳಿಗೆ ಬರದೆ ಹೋದದ್ದೇ ಕಾರಣವಿರಬಹುದಲ್ಲವೇ ಎಂಬ ಪ್ರಶ್ನೆಯೂ ಎದ್ದಿತು. ಇವೆರಡಕ್ಕೂ ಮಿಂಕೋವ್‌ಸ್ಕಿ ಪ್ರಯೋಗದಿಂದಲೇ ಉತ್ತರ ಕೊಟ್ಟರು. ಗ್ರಂಥಿಯನ್ನು ಉಳಿಸಿ ಅದರ ನಾಳಗಳನ್ನಷ್ಟೇ ಕಟ್ಟಿದಾಗ ಜೀರ್ಣಕ್ರಿಯೆ ಕೆಟ್ಟರೂ ಅಂತಹ ಮಧುಮೇಹ ಬರಲಿಲ್ಲ.

ನಿರ್ಣಾಯಕವಾದದ್ದು ಮುಂದಿನ ಪ್ರಯೋಗ. ಗ್ರಂಥಿಯ ಒಂದು ತುಣುಕನ್ನು ಅದರ ರಕ್ತನಾಳಗಳ ಸಮೇತ ಹೊರಗೆಳೆದು ಹೊಟ್ಟೆಯ ಚರ್ಮದಡಿ ಹೊಲಿದರು. ಅದು ಅಲ್ಲಿ ಬೇರೂರಿದ ಮೇಲೆ ಒಳಗೆ ಉಳಿದಿದ್ದ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ನಾಯಿಗೆ ಮಧುಮೇಹ ಬರಲಿಲ್ಲ. ಬಳಿಕ ಚರ್ಮದಡಿಯ ಆ ಸಣ್ಣ ತುಣುಕನ್ನೂ ತೆಗೆದಾಗ ಮೂತ್ರದಲ್ಲಿ ಸಕ್ಕರೆ ತುಂಬಿ ಬಂದಿತು. ಕರುಳಿನೊಂದಿಗೆ ಯಾವ ಸಂಬಂಧವೂ ಇಲ್ಲದ ತುಣುಕು ರೋಗವನ್ನು ತಡೆದಿದೆಯೆಂದರೆ, ಅದು ರಕ್ತಕ್ಕೆ ನೇರವಾಗಿ ಏನನ್ನೋ ಸೇರಿಸುತ್ತಿರಬೇಕು. 1892ರ ವೇಳೆಗೆ ಈ ಫಲಿತಾಂಶ ವೈದ್ಯಲೋಕದ ಮುಂದಿತ್ತು. ಫ್ರಾನ್ಸಿನ ಎಡುವಾರ್ಡ್ ಎಡೋನ್ ಕೂಡ ಇಂತಹುದೇ ಪ್ರಯೋಗಗಳನ್ನು ನಡೆಸಿದರು.

ಆ ಏನೋ ಒಂದು ವಸ್ತು ಗ್ರಂಥಿಯ ಯಾವ ಭಾಗದಿಂದ ಬರುತ್ತದೆ ಎಂಬುದಕ್ಕೂ ಸುಳಿವು ಅದಾಗಲೇ ದೊರೆತಿತ್ತು. ಬರ್ಲಿನ್‌ನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ 1869ರಲ್ಲಿ ಸೂಕ್ಷ್ಮದರ್ಶಕದಡಿ ಗ್ರಂಥಿಯ ನಡುನಡುವೆ ಬೇರೆ ಬಗೆಯ ಜೀವಕೋಶಗಳ ಗುಂಪುಗಳನ್ನು ಕಂಡಿದ್ದರು. ಅವುಗಳ ಕೆಲಸವೇನೆಂದು ಅವರಿಗೆ ತಿಳಿಯಲಿಲ್ಲ. 1893ರಲ್ಲಿ ಫ್ರಾನ್ಸಿನ ಲಾಗೆಸ್ ಅವುಗಳಿಗೆ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂದು ಹೆಸರಿಟ್ಟು, ಒಳಸ್ರಾವದ ಮೂಲ ಅವೇ ಇರಬೇಕೆಂದು ಸೂಚಿಸಿದರು.

ಕೈಗೆ ಬಂದು ಜಾರಿದ್ದು

1894ರಲ್ಲಿ ಮಿಂಕೋವ್‌ಸ್ಕಿ ವಿವಾಹವಾದರು. ಮರುವರ್ಷ ಹುಟ್ಟಿದ ಮಗ ರುಡಾಲ್ಫ್ ಮುಂದೆ ಖಗೋಳವಿಜ್ಞಾನಿಯಾಗಿ ಹೆಸರು ಮಾಡಿದರು. 1900ರಲ್ಲಿ ಕಲೋನ್, 1905ರಲ್ಲಿ ಗ್ರೈಫ್ಸ್‌ವಾಲ್ಡ್, 1909ರಲ್ಲಿ ಬ್ರೆಸ್ಲೌ ಹೀಗೆ ಮಿಂಕೋವ್‌ಸ್ಕಿ ಅವರ ವೃತ್ತಿ ಊರಿನಿಂದ ಊರಿಗೆ ಸಾಗಿತು. ಇದೇ ಅವಧಿಯಲ್ಲಿ ಅವರು ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಕಾಮಾಲೆಯನ್ನು ವಿವರಿಸಿದರು. ವೈದ್ಯಗ್ರಂಥಗಳಲ್ಲಿ ಅದಕ್ಕೆ ಅವರ ಹೆಸರೂ ಸೇರಿಕೊಂಡಿದೆ. 1909ರ ಜನವರಿಯಲ್ಲಿ ತಮ್ಮ ಹರ್ಮನ್ ಕರುಳುಬಾಲದ ಉರಿಯೂತದಿಂದ 44ನೆಯ ವಯಸ್ಸಿಗೇ ತೀರಿಕೊಂಡದ್ದು ಕುಟುಂಬಕ್ಕೆ ದೊಡ್ಡ ಆಘಾತವಾಯಿತು.

ಮೇದೋಜೀರಕದ ಒಳಸ್ರಾವವನ್ನು ಬೇರ್ಪಡಿಸಿ ರೋಗಿಗೆ ಕೊಡಬಹುದೆಂಬ ಆಸೆ ಮಿಂಕೋವ್‌ಸ್ಕಿ ಅವರಿಗೂ ಇತ್ತು. ಸಾರವನ್ನು ತೆಗೆಯುವ ಪ್ರಯತ್ನ ಅವರೂ ಮಾಡಿದರು, ಫಲ ಸಿಗಲಿಲ್ಲ. ಬರ್ಲಿನ್‌ನ ವೈದ್ಯ ಜಾರ್ಜ್ ಜ್ಯೂಲ್ಸರ್ ಹೆಚ್ಚು ಮುಂದೆ ಹೋಗಿ, ತಾವು ತಯಾರಿಸಿದ ಸಾರವನ್ನು ರೋಗಿಗಳಿಗೂ ಕೊಟ್ಟಿದ್ದರು. 1909ರಲ್ಲಿ ಆ ಸಾರ ಪರೀಕ್ಷೆಗೆಂದು ಬ್ರೆಸ್ಲೌದಲ್ಲಿದ್ದ ಮಿಂಕೋವ್‌ಸ್ಕಿ ಅವರ ಆಸ್ಪತ್ರೆಗೇ ಬಂದಿತು. ಅವರ ಸಹಾಯಕ ಫೋರ್ಶ್‌ಬಾಕ್ ಅದನ್ನು ನಾಯಿಗಳಿಗೂ ರೋಗಿಗಳಿಗೂ ಕೊಟ್ಟು ನೋಡಿದರು. ಮೂತ್ರದ ಸಕ್ಕರೆ ಇಳಿದದ್ದು ಕಂಡುಬಂದಿತು. ಆದರೆ ಜ್ವರ, ನಡುಕ, ವಾಂತಿಗಳೂ ಕಾಣಿಸಿಕೊಂಡವು. ಇಷ್ಟು ಅಪಾಯದ ಮದ್ದನ್ನು ರೋಗಿಗೆ ಕೊಡಲಾಗದೆಂದು ಪ್ರಯೋಗವನ್ನು ನಿಲ್ಲಿಸಲಾಯಿತು.

ಆ ತೀರ್ಮಾನವನ್ನು ಇಂದು ಕೂತು ಟೀಕಿಸುವುದು ಸುಲಭ. ರಕ್ತದ ಸಕ್ಕರೆಯನ್ನು ಹನಿ ರಕ್ತದಲ್ಲಿ ಅಳೆಯುವ ಸೌಲಭ್ಯ ಅಂದಿರಲಿಲ್ಲ. ಸಾರ ಶುದ್ಧವಾಗಿರಲಿಲ್ಲ. ರೋಗಿಗೆ ಕೇಡಾಗಬಾರದೆಂಬ ವೈದ್ಯಧರ್ಮವೇ ಅಲ್ಲಿ ಮೇಲುಗೈ ಪಡೆಯಿತು. ಆದರೂ ತಾನೇ ಇಪ್ಪತ್ತು ವರ್ಷ ಹಿಂದೆ ಸೂಚಿಸಿದ್ದ ವಸ್ತು ತನ್ನ ಆಸ್ಪತ್ರೆಯ ಬಾಗಿಲಿಗೆ ಬಂದು ಹಿಂದಿರುಗಿದ್ದು ಮಿಂಕೋವ್‌ಸ್ಕಿ ಅವರ ಬದುಕಿನ ದೊಡ್ಡ ವಿಪರ್ಯಾಸ. ನಡುವಿನ ಹನ್ನೆರಡು ವರ್ಷಗಳಲ್ಲಿ ಉಪವಾಸದಂತಹ ಪಥ್ಯವೊಂದೇ ಎಳೆಯ ಮಧುಮೇಹಿಗಳ ಪಾಲಿಗೆ ಉಳಿದ ಚಿಕಿತ್ಸೆಯಾಗಿತ್ತು.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮೆಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಅದೇ ಸಾರವನ್ನು ಪಡೆದರು. ಕಾಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಲಾಯಿತು. ಸಾವಿನಂಚಿನಲ್ಲಿದ್ದ ಮಕ್ಕಳು ಚೇತರಿಸಿಕೊಳ್ಳತೊಡಗಿದರು. ಬ್ಯಾಂಟಿಂಗ್ ಅವರು ಮಧುಮೇಹವನ್ನು ಅರಿತದ್ದೂ ಮಿಂಕೋವ್‌ಸ್ಕಿ ಅವರು ತೋರಿದ ದಾರಿಯಲ್ಲಿಯೇ. ಗ್ರಂಥಿ ತೆಗೆದ ನಾಯಿಯೇ ಟೊರಾಂಟೊದ ಪ್ರಯೋಗಗಳಿಗೂ ಆಧಾರವಾಗಿತ್ತು. 1923ರಲ್ಲಿ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ಸಂದಿತು. ಮಿಂಕೋವ್‌ಸ್ಕಿ ಅವರಿಗೆ ಆ ಗೌರವ ಎಂದೂ ಒದಗಲಿಲ್ಲ.

ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದೂ ಇದೇ 1923ರಲ್ಲಿ. ಆಗ 65 ವರ್ಷದವರಾಗಿದ್ದ ಮಿಂಕೋವ್‌ಸ್ಕಿ ಜರ್ಮನಿಯ ಇನ್ಸುಲಿನ್ ಸಮಿತಿಯ ಅಧ್ಯಕ್ಷರಾಗಿ ಆ ಹೊಸ ಮದ್ದಿನ ಗುಣಮಟ್ಟ ಮತ್ತು ಹಂಚಿಕೆಯನ್ನು ನೋಡಿಕೊಳ್ಳುತ್ತಿದ್ದರು. ಪರರು ಕಂಡ ಮದ್ದನ್ನು ತನ್ನ ದೇಶದ ರೋಗಿಗಳಿಗೆ ತಲುಪಿಸುವ ಈ ಕೆಲಸವನ್ನು ಅವರು ಹಿಂಜರಿಕೆಯಿಲ್ಲದೆ ಹೊತ್ತುಕೊಂಡರು. ಅದೇ ವರ್ಷ, ಪಾರ್ಶ್ವವಾಯುವಿಗೆ ತುತ್ತಾಗಿದ್ದ ಲೆನಿನ್ ಅವರನ್ನು ಪರೀಕ್ಷಿಸಲು ಮಾಸ್ಕೋಗೆ ಕರೆಸಿಕೊಂಡ ತಜ್ಞರಲ್ಲಿ ಅವರೂ ಒಬ್ಬರಾಗಿದ್ದರು.

1926ರಲ್ಲಿ ನಿವೃತ್ತರಾದ ಮಿಂಕೋವ್‌ಸ್ಕಿ, 1931ರ ಜುಲೈ 18ರಂದು ಬರ್ಲಿನ್‌ನ ಉತ್ತರಕ್ಕಿರುವ ಫ್ಯೂರ್‌ಸ್ಟೆನ್‌ಬರ್ಗ್‌ನಲ್ಲಿ ಕೊನೆಯುಸಿರೆಳೆದರು. ಎರಡು ವರ್ಷಗಳೊಳಗೆ ಜರ್ಮನಿ ನಾಜಿಗಳ ಕೈವಶವಾಯಿತು. ಮಗ ರುಡಾಲ್ಫ್ 1935ರಲ್ಲಿ ಅಮೆರಿಕಕ್ಕೆ ವಲಸೆ ಹೋಗಬೇಕಾಯಿತು.

ಇಂದಿನ ತಂಡ, ಅಂದಿನ ದಾರಿ

ಮೇದೋಜೀರಕದ ಉರಿಯೂತ ವರ್ಷಗಟ್ಟಲೆ ಕಾಡಿದಾಗ ಗ್ರಂಥಿ ಗಟ್ಟಿಯಾಗಿ, ನಾಳದಲ್ಲಿ ಕಲ್ಲುಗಳು ಕಟ್ಟಿ, ಬೆನ್ನಿಗೆ ಹಬ್ಬುವ ಅಸಹನೀಯ ಹೊಟ್ಟೆನೋವು ಬರುತ್ತದೆ. ಮದ್ಯಪಾನ, ವಂಶವಾಹಿಗಳ ದೋಷ ಮೊದಲಾದವು ಇದಕ್ಕೆ ಕಾರಣ. ಮದ್ಯವನ್ನೇ ಮುಟ್ಟದ ಎಳೆಯರಲ್ಲಿಯೂ ಕಾಣಿಸಿಕೊಳ್ಳುವ ಒಂದು ಬಗೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಬಹುಕಾಲದಿಂದ ವೈದ್ಯರಿಗೆ ಪರಿಚಿತ. ಮಾತ್ರೆ, ಎಂಡೋಸ್ಕೋಪಿ, ಸಣ್ಣ ಶಸ್ತ್ರಚಿಕಿತ್ಸೆಗಳು ಯಾವುವೂ ಫಲಿಸದಿದ್ದಾಗ ಗ್ರಂಥಿಯನ್ನೇ ತೆಗೆಯುವುದು ಕೊನೆಯ ದಾರಿ. ನೋವಿಗೆ ಅದರಿಂದ ಪರಿಹಾರ ಸಿಗಬಹುದು. ಆದರೆ ಮಿಂಕೋವ್‌ಸ್ಕಿ ಅವರ ನಾಯಿಗೆ ಬಂದಂತಹ ತೀವ್ರ ಮಧುಮೇಹ ರೋಗಿಗೂ ತಪ್ಪದು.

ಈ ಇಕ್ಕಟ್ಟಿಗೆ 1977ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸದರ್‌ಲ್ಯಾಂಡ್ ಮತ್ತು ಜಾನ್ ನಜೇರಿಯನ್ ಅವರ ತಂಡ ಉತ್ತರ ಕಂಡುಕೊಂಡಿತು. ತೆಗೆದ ಗ್ರಂಥಿಯನ್ನು ಎಸೆಯದೆ, ತಣ್ಣನೆಯ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಲಾಗುತ್ತದೆ. ಅಲ್ಲಿ ಕಿಣ್ವದಿಂದ ಅಂಗಾಂಶವನ್ನು ಕರಗಿಸಿ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳನ್ನು ಬಿಡಿಸಿಕೊಳ್ಳುತ್ತಾರೆ. ಆರೋಗ್ಯವಂತರ ಗ್ರಂಥಿಯಲ್ಲಿ ಇವು ಸುಮಾರು 10 ಲಕ್ಷದಷ್ಟಿದ್ದರೂ ತೂಕದಲ್ಲಿ ಗ್ರಂಥಿಯ ಶೇ. 1ರಿಂದ 2ರಷ್ಟು ಮಾತ್ರ. ಕೆಲವೇ ಗಂಟೆಗಳಲ್ಲಿ ಅವನ್ನು ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ಹರಿಯಬಿಡಲಾಗುತ್ತದೆ. ಅವು ಯಕೃತ್ತಿನಲ್ಲಿ ತಂಗಿ, ಬೇರೂರಿ, ಇನ್ಸುಲಿನ್ ಸ್ರವಿಸತೊಡಗುತ್ತವೆ. ತನ್ನದೇ ಜೀವಕೋಶಗಳಾದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ, ಅದಕ್ಕಾಗಿ ಜೀವನವಿಡೀ ಮದ್ದು ನುಂಗಬೇಕಾಗಿಯೂ ಇಲ್ಲ.

ಇದು ಒಬ್ಬ ಶಸ್ತ್ರವೈದ್ಯನಿಂದ ಆಗುವ ಕೆಲಸವಲ್ಲ. ಉದರರೋಗ ತಜ್ಞರು, ಅರಿವಳಿಕೆ ತಜ್ಞರು, ಹಾರ್ಮೋನ್ ತಜ್ಞರು, ನೋವು ನಿವಾರಣಾ ತಜ್ಞರು, ಜೀವಕೋಶಗಳನ್ನು ಬೇರ್ಪಡಿಸುವ ವಿಜ್ಞಾನಿಗಳು, ದಾದಿಯರು, ಪಥ್ಯತಜ್ಞರು ಎಲ್ಲರೂ ಒಂದೇ ದಿನ ಒಂದೇ ಲಯದಲ್ಲಿ ದುಡಿಯಬೇಕು. ಫಲವೂ ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಕೆಲವರು ಇನ್ಸುಲಿನ್ ಚುಚ್ಚುಮದ್ದಿನಿಂದ ಮುಕ್ತರಾಗುತ್ತಾರೆ. ಹಲವರಿಗೆ ಸ್ವಲ್ಪ ಪ್ರಮಾಣದಲ್ಲಿ ಅದು ಬೇಕಾಗುತ್ತದೆ. ಜೀರ್ಣಕ್ರಿಯೆಗೆ ಕಿಣ್ವದ ಮಾತ್ರೆಗಳನ್ನು ಊಟದೊಂದಿಗೆ ಬಾಳಿನುದ್ದಕ್ಕೂ ತೆಗೆದುಕೊಳ್ಳಬೇಕು. ಸಾಮಾನ್ಯ ಮಧುಮೇಹಕ್ಕೆ ಇದು ಚಿಕಿತ್ಸೆಯಲ್ಲ ಎಂಬುದನ್ನೂ ಓದುಗರು ಗಮನಿಸಬೇಕು. ಗ್ರಂಥಿಯ ದೀರ್ಘಕಾಲದ ಉರಿಯೂತದಿಂದ ನರಳುವ, ಆಯ್ದ ರೋಗಿಗಳಿಗೆ ಮಾತ್ರ ಇದು ಸಲ್ಲುತ್ತದೆ. ಮದ್ಯ ಕುಡಿಯದಿದ್ದರೂ ಪದೇಪದೇ ಬರುವ, ಬೆನ್ನಿಗೆ ಹಬ್ಬುವ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಮಲೆನಾಡಿನ ಜನರು ಹತ್ತಿರದ ವೈದ್ಯರಿಗೆ ತೋರಿಸಿಕೊಂಡರೆ, ಗ್ರಂಥಿ ಪೂರ್ತಿ ಹಾಳಾಗುವ ಮೊದಲೇ ರೋಗ ಪತ್ತೆಯಾಗುವ ಸಾಧ್ಯತೆ ಹೆಚ್ಚು.

ಯುರೋಪಿನ ಮಧುಮೇಹ ಅಧ್ಯಯನ ಸಂಘವು 1966ರಿಂದ ಎಳೆಯ ಸಂಶೋಧಕರಿಗೆ ಮಿಂಕೋವ್‌ಸ್ಕಿ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತ ಬಂದಿದೆ. ಅವರು ದುಡಿದ ಕೋನಿಗ್ಸ್‌ಬರ್ಗ್ ಈಗ ರಷ್ಯದ ಕಲಿನಿನ್‌ಗ್ರಾಡ್ ಆಗಿದೆ, ಬ್ರೆಸ್ಲೌ ಪೋಲೆಂಡಿನ ವ್ರೊತ್ಸ್ವಾಫ್ ಆಗಿದೆ. ಗ್ರಂಥಿ ಕಳೆದುಕೊಂಡ ರೋಗಿಯ ಯಕೃತ್ತಿನಲ್ಲಿ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು ಮತ್ತೆ ಚಿಗುರುವಾಗ, ನಾಯಿಯ ಚರ್ಮದಡಿ ಅವರು ಹೊಲಿದಿಟ್ಟ ಆ ತುಣುಕು ಹೇಳಿದ ಮಾತೇ ಮತ್ತೊಮ್ಮೆ ನಿಜವಾಗುತ್ತಿದೆ.